ಊಟದ ಮೇಜಿನ ಮೇಲೆ ರೈಜನ್ 5600ಜಿ ಮತ್ತು ಐ5-12400

2023ರ ಜೂನ್‌ನಲ್ಲಿ ನಮ್ಮ ಮನೆಯ ಊಟದ ಮೇಜು ಮೂರು ವಾರ ಊಟಕ್ಕೆ ಸಿಗಲಿಲ್ಲ. ಅದರ ಮೇಲೆ ಎರಡು ಕಂಪ್ಯೂಟರ್ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದವು. ಒಂದು ನನ್ನದು, ಪುಸ್ತಕಗಳ ಪುಟವಿನ್ಯಾಸಕ್ಕೆ. ಇನ್ನೊಂದು ಅಕ್ಕನ ಮಗನದು. ಅವನು ಆಗ ಎಂಜಿನಿಯರಿಂಗ್ ಎರಡನೇ ವರ್ಷ. ಓದೋಕೆ ಬೇಕು ಅಂತ ಮನೆಯಲ್ಲಿ ಹೇಳಿದ್ದ. ಓದೂ ಇತ್ತು, ವ್ಯಾಲರಂಟ್ ಆಟವೂ ಇತ್ತು.

ಇಬ್ಬರ ಬಜೆಟ್ಟೂ ಒಂದೇ. ಮಾನಿಟರ್ ಬಿಟ್ಟು ಮೂವತ್ತೈದು ಸಾವಿರ. ಬೇರೆ ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕೆ ಬೇಡ, ಪ್ರೊಸೆಸರ್ ಒಳಗಿರುವುದೇ ಸಾಕು ಅಂತ ಇಬ್ಬರೂ ಅಂದುಕೊಂಡಿದ್ದೆವು. ಅವನಿಗೆ ಎಎಂಡಿ ಪ್ರೀತಿ. ನನಗೆ ಹಳೆ ಅಭ್ಯಾಸದ ಇಂಟೆಲ್. ಅವನು ರೈಜನ್ 5 5600ಜಿ ಅಂದ, ನಾನು ಕೋರ್ ಐ5-12400 ಅಂದೆ. ಸರಿಹೋಗದಿದ್ದರೆ ಅದಲುಬದಲು ಮಾಡಿಕೊಳ್ಳೋಣ ಅಂತ ಒಪ್ಪಂದವಾಯಿತು. ಆ ಒಪ್ಪಂದದ ನೆಪದಲ್ಲಿ ರ್‍ಯಾಮ್, ಎಸ್‌ಎಸ್‌ಡಿ, ಕರೆಂಟ್ ಹಂಚುವ ಎಸ್‌ಎಂಪಿಎಸ್ ಡಬ್ಬಿ ಎಲ್ಲವನ್ನೂ ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಹಾಕಿ ನೋಡಿದೆವು. ಪ್ರೊಸೆಸರ್ ಬಗ್ಗೆ ನಾವು ಆಡಿದ ಜಗಳವೆಲ್ಲ ದಂಡ ಅಂತ ಗೊತ್ತಾಗಿದ್ದು ಆಮೇಲೆ.

ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋದೆವು. ಮೆಜೆಸ್ಟಿಕ್‌ನಿಂದ ಮೆಟ್ರೊದಲ್ಲಿ ಒಂದೇ ಸ್ಟಾಪ್ ಚಿಕ್ಕಪೇಟೆ, ಅಲ್ಲಿಂದ ನಡೆದರೆ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ಸಾಲಿನ ಎಸ್.ಪಿ. ರೋಡ್. ಐದಾರು ಅಂಗಡಿ ಸುತ್ತಿದ ಮೇಲೆ ನಮಗೆ ಸಿಕ್ಕ ದರ ಹೀಗಿತ್ತು: 5600ಜಿಗೆ 11,800 ರೂಪಾಯಿ, ಅದಕ್ಕೆ ಬಿ450 ಮದರ್‌ಬೋರ್ಡ್ 5,900. ಐ5-12400ಕ್ಕೆ 15,600, ಅದಕ್ಕೆ ಎಚ್610 ಬೋರ್ಡ್ 6,800. ಅಂದರೆ ಎಎಂಡಿ ಜೋಡಿ 4,700 ರೂಪಾಯಿ ಅಗ್ಗ. ಒಂದು ಅಂಗಡಿಯಲ್ಲಿ ‘ಸರ್, 12400ಎಫ್ ತಗೊಳ್ಳಿ, ಅದೇ ಪ್ರೊಸೆಸರ್, ಮೂರು ಸಾವಿರ ಕಡಿಮೆ’ ಅಂದರು. ಅದೇ ಪ್ರೊಸೆಸರ್ ಹೌದು, ಆದರೆ ಎಫ್ ಅಂತ ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಕಾರ್ಡ್ ಹಾಕದೆ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. ಅಳಿಯ ನನ್ನ ತೋಳು ಜಗ್ಗಿದ ಕಾರಣ ಉಳಿದುಕೊಂಡೆ.

ಉಳಿದ ದುಡ್ಡಲ್ಲಿ ಅವನು 1 ಟಿಬಿ ಎನ್‌ವಿಎಂಇ ಡಿಸ್ಕ್ (ವೇಗದ ಎಸ್‌ಎಸ್‌ಡಿ) ತಗೊಂಡ. ನಾನು 500 ಜಿಬಿಯದು. ರ್‍ಯಾಮ್ ಇಬ್ಬರಿಗೂ 16 ಜಿಬಿ, ಡಿಡಿಆರ್4, 3200ರ ವೇಗದ್ದು. ಆದರೆ ನಾನು 8 ಜಿಬಿಯ ಎರಡು ಸ್ಟಿಕ್ ತಗೊಂಡೆ, ಅವನು 16ರ ಒಂದೇ ಸ್ಟಿಕ್. ‘ಒಂದು ಸ್ಲಾಟ್ ಖಾಲಿ ಇರಲಿ ಮಾಮ, ಮುಂದೆ ಹಾಕಬಹುದು’ ಅಂದ. ಲೆಕ್ಕ ಸರಿಯಾಗಿಯೇ ಕಂಡಿತು. ನಾನು 3,300 ಕೊಟ್ಟು 450 ವಾಟ್‌ನ 80 ಪ್ಲಸ್ ಬ್ರಾಂಜ್ ಎಸ್‌ಎಂಪಿಎಸ್ ತಗೊಂಡೆ. ಅವನಿಗೆ ಕ್ಯಾಬಿನೆಟ್ ಜೊತೆಗೇ ಒಂದು ‘450 ವಾಟ್’ ಎಸ್‌ಎಂಪಿಎಸ್ ಪುಕ್ಕಟೆ ಬಂತು. ಪುಕ್ಕಟೆ ಅನ್ನುವುದು ಅಂಗಡಿಯವರ ಮಾತು.

ಜೋಡಿಸುವ ಕೆಲಸದಲ್ಲಿ ಎರಡಕ್ಕೂ ಒಂದೊಂದು ತರಲೆ ಇದೆ. ಇಂಟೆಲ್ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಪಿನ್. ಎದುರುಬದುರಾಗಿ ಒತ್ತಬೇಕು. ಟಕ್ ಅನ್ನುವವರೆಗೆ ಒತ್ತಿದರೆ ಬೋರ್ಡ್ ಬಾಗುತ್ತದೆ, ಎದೆ ಢವಢವ ಅನ್ನುತ್ತದೆ. 5600ಜಿ ಜೊತೆ ಬರುವ ಕೂಲರ್‌ಗೆ ಸ್ಕ್ರೂ ಇವೆ, ಗಟ್ಟಿಯಾಗಿ ಕೂರುತ್ತದೆ. ಆದರೆ ಅದಕ್ಕೆ ಮೊದಲು ಬೋರ್ಡ್ ಮೇಲಿನ ಪ್ಲಾಸ್ಟಿಕ್ ಕೊಂಡಿಗಳನ್ನು ಬಿಚ್ಚಬೇಕು. ಬಿಚ್ಚಿದ ತಕ್ಷಣ ಹಿಂದಿನ ಕಬ್ಬಿಣದ ಪಟ್ಟಿ ಕೆಳಗೆ ಬೀಳುತ್ತದೆ. ಅದನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಸ್ಕ್ರೂ ತಿರುಗಿಸಬೇಕು. ಮೂರು ಕೈ ಇದ್ದವರಿಗೆ ಸುಲಭ.

ಬಿಚ್ಚುವಾಗಿನ ಕಥೆ ಬೇರೆ. 5600ಜಿ ಕೂರುವ ಎಎಂ4 ಸಾಕೆಟ್‌ನ ಪ್ರೊಸೆಸರ್‌ಗಳಲ್ಲಿ ಪಿನ್‌ಗಳು ಪ್ರೊಸೆಸರ್ ಕೆಳಗೇ ಇರುತ್ತವೆ. ಎರಡನೇ ವಾರ ಕೂಲರ್ ಎತ್ತಿದಾಗ ಕೂಲರ್‌ಗೆ ಬಿಸಿ ದಾಟಿಸುವ ಪೇಸ್ಟ್ ಗಟ್ಟಿಯಾಗಿ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತುಕೊಂಡು ಬಂತು. ಎರಡು ಪಿನ್ ಸೊಟ್ಟಗಾದವು. ಹಳೆ ಎಟಿಎಂ ಕಾರ್ಡಿನ ಅಂಚಿನಿಂದ ಅರ್ಧ ಗಂಟೆ ಕೂತು ನೆಟ್ಟಗೆ ಮಾಡಿದೆ. ಆಗ ಅಳಿಯ ಉಸಿರಾಡುತ್ತಿದ್ದನೋ ಇಲ್ಲವೋ! ಸಿಸ್ಟಮ್ಮನ್ನು ಸ್ವಲ್ಪ ಹೊತ್ತು ಓಡಿಸಿ, ಬೆಚ್ಚಗಿರುವಾಗಲೇ ಆಫ್ ಮಾಡಿ, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ಎತ್ತಿದರೆ ಹೀಗಾಗುವುದಿಲ್ಲ. ಇಂಟೆಲ್‌ನಲ್ಲಿ ಪಿನ್ ಬೋರ್ಡ್‌ನ ಸಾಕೆಟ್‌ನಲ್ಲಿವೆ, ಪ್ರೊಸೆಸರ್ ಮೇಲೊಂದು ಕೊಂಡಿ ಬಿಗಿದಿರುತ್ತದೆ. ಇಂಥ ತಾಪತ್ರಯ ಇಲ್ಲ.

ಈಗ ಕೆಲಸಕ್ಕೆ ಬರೋಣ. ಕಾಗದದ ಮೇಲೆ ಇವೆರಡೂ ಅವಳಿ ಮಕ್ಕಳು. ಎರಡಕ್ಕೂ 6 ಕೋರ್, 12 ಥ್ರೆಡ್. ಎರಡರ ಗರಿಷ್ಠ ವೇಗವೂ 4.4 ಗಿಗಾಹರ್ಟ್ಸ್. ಎರಡರ ಡಬ್ಬಿ ಮೇಲೂ 65 ವಾಟ್. ಐ5 ಹೊಸ ವಿನ್ಯಾಸದ್ದು, ಹಾಗಾಗಿ ಅದೇ ವೇಗದಲ್ಲಿ ಸ್ವಲ್ಪ ಜಾಸ್ತಿ ಕೆಲಸ ಮಾಡುತ್ತದೆ. ಮುನ್ನೂರು ಪುಟದ ಪುಸ್ತಕವನ್ನು ಪಿಡಿಎಫ್ ಮಾಡುವಾಗ ನನ್ನ ಸಿಸ್ಟಮ್ ಕೆಲವು ಸೆಕೆಂಡ್ ಮುಂದೆ ಇತ್ತು. ಗಡಿಯಾರ ಹಿಡಿದು ಕೂತಿದ್ದಕ್ಕೆ ಗೊತ್ತಾಯಿತು, ಇಲ್ಲದಿದ್ದರೆ ಗೊತ್ತಾಗುತ್ತಿರಲಿಲ್ಲ. ಪುಟ ಕಟ್ಟುವಾಗ, ಫಾಂಟ್ ಬದಲಿಸುವಾಗ, ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿರುವಾಗ ಯಾವುದು ಯಾವುದು ಅಂತ ಹೇಳುವುದು ಕಷ್ಟ.

ವಿಡಿಯೋದಲ್ಲಿ ಮಾತ್ರ ಇಂಟೆಲ್ ಗೆದ್ದಿತು. ಊರ ಹಬ್ಬದಲ್ಲಿ ರಾತ್ರಿಯಿಡೀ ನಡೆದ ಪೌರಾಣಿಕ ನಾಟಕವನ್ನು ಯಾರೋ ಫೋನಿನಲ್ಲಿ ಹಿಡಿದಿದ್ದರು. ಅದನ್ನು ಕತ್ತರಿಸಿ ಕೊಡುವ ಕೆಲಸ ನನಗೆ ಬಿತ್ತು. ಐ5 ಒಳಗಿನ ಕ್ವಿಕ್ ಸಿಂಕ್ ಅನ್ನುವ ಭಾಗ ವಿಡಿಯೋ ಬಿಚ್ಚುವುದಕ್ಕೂ ಮತ್ತೆ ಕಟ್ಟುವುದಕ್ಕೂ ಅಂತಲೇ ಇರುವುದು. ನಾನು ಬಳಸುವ ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಚೆನ್ನಾಗಿ ದುಡಿಸಿಕೊಳ್ಳುತ್ತದೆ. ಹಿಂದೆ ಮುಂದೆ ಎಳೆದರೆ ಚಿತ್ರ ತಡವರಿಸಲಿಲ್ಲ. 5600ಜಿಯಲ್ಲೂ ವಿಡಿಯೋಗೆ ಪ್ರತ್ಯೇಕ ಭಾಗ ಇದೆ, ಆದರೆ ಅದೇ ಫೈಲ್ ಅಲ್ಲಲ್ಲಿ ತಡೆದು ತಡೆದು ಓಡಿತು.

ಆಟದಲ್ಲಿ 5600ಜಿ ಗೆಲ್ಲಬೇಕಿತ್ತು. ಅದರ ಒಳಗಿನ ವೇಗಾ ಗ್ರಾಫಿಕ್ಸ್ ಐ5ನ ಯುಎಚ್‌ಡಿ 730ಗಿಂತ ಬಹಳ ಬಲವಾದದ್ದು. ಆದರೆ ಮೊದಲ ದಿನ ಅಳಿಯನ ಮುಖ ಸಣ್ಣಗಾಗಿತ್ತು. ವ್ಯಾಲರಂಟ್ ಓಡುತ್ತಿತ್ತು, ಆದರೆ ಯೂಟ್ಯೂಬ್‌ನಲ್ಲಿ ತೋರಿಸುವ ಹಾಗೆ ಅಲ್ಲ. ಸ್ಮೋಕ್ ಎದ್ದ ಕಡೆಯೆಲ್ಲ ಜರ್ಕ್ ಹೊಡೆಯುತ್ತಿತ್ತು. ಡ್ರೈವರ್ ಬದಲಿಸಿದ, ವಿಂಡೋಸ್ ಮತ್ತೆ ಹಾಕಿದ, ಏನೂ ಆಗಲಿಲ್ಲ. ಕೊನೆಗೆ ನನ್ನ ಎರಡು 8 ಜಿಬಿ ಸ್ಟಿಕ್ ಅವನ ಬೋರ್ಡ್‌ಗೆ ಹಾಕಿದೆವು. ಅದೇ ಆಟ, ಅದೇ ಸೆಟ್ಟಿಂಗ್. ನೂರರ ಕೆಳಗೆ ಒದ್ದಾಡುತ್ತಿದ್ದ ಫ್ರೇಮ್ ಲೆಕ್ಕ (ಸೆಕೆಂಡಿಗೆ ಮೂಡುವ ಚಿತ್ರಗಳು) ನೂರು ದಾಟಿ ಅಲ್ಲೇ ನಿಂತಿತು. ಜರ್ಕ್ ಹೋಯಿತು.

ಕಾರಣ ಸರಳ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ಸಿಸ್ಟಮ್ಮಿನ ರ್‍ಯಾಮನ್ನೇ ಹಂಚಿಕೊಂಡು ತಿನ್ನುತ್ತದೆ. 3200ರ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ. ಎರಡು ಸ್ಟಿಕ್ ಇದ್ದರೆ ಎರಡು ದಾರಿ, 51.2 ಜಿಬಿ. ಅಳಿಯ ಒಂದು ಸ್ಲಾಟ್ ಖಾಲಿ ಬಿಟ್ಟು ಆ ದಾರಿಯಲ್ಲಿ ಅರ್ಧ ಮುಚ್ಚಿದ್ದ. ಅವನ ಒಂಟಿ ಸ್ಟಿಕ್ ನನ್ನ ಐ5ಗೆ ಹಾಕಿ ನೋಡಿದೆ. ಪುಟವಿನ್ಯಾಸದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಅಂದರೆ ಇದು 5600ಜಿಯಂಥವಕ್ಕೇ ಜಾಸ್ತಿ ತಾಗುವ ಪೆಟ್ಟು.

ಇನ್ನೊಂದು ಮಾತು. ಬಯೋಸ್‌ಗೆ (ಬೋರ್ಡ್‌ನ ಒಳ ಸೆಟ್ಟಿಂಗ್) ಹೋಗಿ, ರ್‍ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡಿ. ನನ್ನ ಸ್ಟಿಕ್‌ಗಳ ಮೇಲೆ 3200 ಅಂತ ಅಚ್ಚಾಗಿತ್ತು, ಆದರೆ ಆನ್ ಮಾಡುವ ತನಕ 2666ರಲ್ಲಿ ಓಡುತ್ತಿದ್ದವು. ದುಡ್ಡು ಕೊಟ್ಟಾಗಿದೆ, ವೇಗ ಬಿಡುವುದ್ಯಾಕೆ?

ಅಂಗಡಿಯವರು 16ರ ಸ್ಟಿಕ್ ವಾಪಸ್ ತಗೊಳ್ಳಲಿಲ್ಲ. ಅಳಿಯ ಅದೇ ಥರದ ಇನ್ನೊಂದು ಕೊಂಡ. ಅಕ್ಕ ಬೈದಳು. 32 ಜಿಬಿ ಯಾಕೆ ಬೇಕಪ್ಪ ನಿನಗೆ ಅಂತ ನಾನೂ ಸೇರಿಕೊಂಡು ಬೈದೆ.

ಡಿಸ್ಕ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನನ್ನ ಹಳೆಯ ಸಾಟಾ ಎಸ್‌ಎಸ್‌ಡಿ ಹೆಚ್ಚೆಂದರೆ ಸೆಕೆಂಡಿಗೆ 550 ಎಂಬಿ, ಹೊಸ ಎನ್‌ವಿಎಂಇ 3,500ರ ಹತ್ತಿರ ಅನ್ನುತ್ತಾರೆ. ವಿಂಡೋಸ್ ಶುರುವಾಗುವುದರಲ್ಲಿ ಎರಡು ಮೂರು ಸೆಕೆಂಡ್ ವ್ಯತ್ಯಾಸ, ಅಷ್ಟೇ. ಅಳಿಯನ 1 ಟಿಬಿ ಡಿಸ್ಕ್ ಕ್ಯೂಎಲ್‌ಸಿ ಜಾತಿಯದು, ಅಂದರೆ ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುರುಕುವ ಬಗೆ. ನಾಟಕದ ದೊಡ್ಡ ಫೋಲ್ಡರ್ ಕಾಪಿ ಮಾಡಿದಾಗ ಮೊದಲು ಕುದುರೆ ಥರ ಓಡಿತು. ಸ್ವಲ್ಪ ಹೊತ್ತಾದ ಮೇಲೆ ಹಳೆ ಹಾರ್ಡ್ ಡಿಸ್ಕ್‌ಗಿಂತ ನಿಧಾನ. ಕೋಶಕ್ಕೆ ಮೂರೇ ಬಿಟ್‌ನ ನನ್ನ ಟಿಎಲ್‌ಸಿ ಡಿಸ್ಕೂ ಇಳಿಯಿತು, ಆದರೆ ಇಷ್ಟು ಹೀನಾಯವಾಗಿ ಅಲ್ಲ. ಆಟ ಆಡುವವರಿಗೆ ಇದು ಲೆಕ್ಕಕ್ಕಿಲ್ಲ. ವಿಡಿಯೋ ಕೆಲಸದವರು ಟಿಎಲ್‌ಸಿ ಅಂತ ಕೇಳಿಯೇ ತಗೊಳ್ಳಿ.

ಎಸ್‌ಎಂಪಿಎಸ್ ಬಗ್ಗೆ ಮಾತ್ರ ಬೇಗ ಮುಗಿಸಲಾರೆ.

ಎರಡನ್ನೂ ಕೈಯಲ್ಲಿ ಹಿಡಿದರೇ ಅರ್ಧ ಗೊತ್ತಾಗುತ್ತದೆ. ಪುಕ್ಕಟೆ ಬಂದದ್ದು ಖಾಲಿ ಟಿಫನ್ ಡಬ್ಬಿಯಷ್ಟು ಹಗುರ. ನಮ್ಮ ಮನೆಯಲ್ಲಿ ಇನ್ವರ್ಟರ್ ಇದೆ. ಅದರ ಹಿಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಒಂದು ಸ್ವಿಚ್. ಕರೆಂಟ್ ಹೋದಾಗ ಇನ್ವರ್ಟರ್ ಕೈಗೆತ್ತಿಕೊಳ್ಳುವವರೆಗಿನ ಕೆಲವು ಮಿಲಿಸೆಕೆಂಡ್ ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ನಲ್ಲಿ ತುಂಬಿಟ್ಟುಕೊಂಡದ್ದರಲ್ಲೇ ಉಸಿರು ಹಿಡಿದಿರಬೇಕು. ಯುಪಿಎಸ್ ಮೋಡ್‌ನಲ್ಲಿ ಈ ಅಂತರ ಕಡಿಮೆ, ನಾರ್ಮಲ್‌ನಲ್ಲಿ ಜಾಸ್ತಿ. ಮೇನ್ ಸ್ವಿಚ್ ಹಾಕಿ ತೆಗೆದು ಪರೀಕ್ಷೆ ಮಾಡಿದೆವು. ಯುಪಿಎಸ್ ಮೋಡ್‌ನಲ್ಲಿ ಬ್ರಾಂಜ್ ಒಮ್ಮೆಯೂ ಅಲುಗಲಿಲ್ಲ. ಪುಕ್ಕಟೆಯದು ಐದು ಸಲದಲ್ಲಿ ಮೂರು ಸಲ ರೀಸ್ಟಾರ್ಟ್. ನಾರ್ಮಲ್ ಮೋಡ್‌ನಲ್ಲಂತೂ ಕೇಳಲೇಬೇಡಿ. ಪ್ರೊಸೆಸರ್ ಬದಲಿಸಿ ನೋಡಿದರೂ ಫಲಿತಾಂಶ ಅದೇ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ಸೇವ್ ಮಾಡದ ಪುಟ ಕಳೆದುಕೊಂಡವರಿಗೆ ಇದರ ಬೆಲೆ ಗೊತ್ತು.

ಬ್ರಾಂಜ್ ಅನ್ನುವ ಪಟ್ಟಿ ಕೂಡ ದಕ್ಷತೆಯದು ಮಾತ್ರ. ಅರ್ಧ ಹೊರೆಯಲ್ಲಿ 85% ವಿದ್ಯುತ್ ಕೆಲಸಕ್ಕೆ ಹೋಗುತ್ತದೆ ಅಂತ ಅರ್ಥ. ಒಳಗಿನ ಭಾಗಗಳ ಗಟ್ಟಿತನ ಅದರಲ್ಲಿ ಸೇರಿಲ್ಲ, ಅದಕ್ಕೆ ವಾರಂಟಿ ಎಷ್ಟು ವರ್ಷ ಅಂತ ನೋಡಬೇಕು.

ಇದರಲ್ಲೊಂದು ತಮಾಷೆಯೂ ನಡೆಯಿತು. ನನ್ನ ಒಳ್ಳೆಯ ಎಸ್‌ಎಂಪಿಎಸ್ ಹಾಕಿದ ಸಿಸ್ಟಮ್ಮನ್ನು ಅಳಿಯ ಎರಡು ದಿನ ಅವರ ಮನೆಗೆ ಒಯ್ದ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿದೆ, ನಿಮ್ಮದು ಕೆಟ್ಟಿದೆ ಮಾಮ ಅಂತ ಫೋನ್ ಮಾಡಿದ. ಕೆಟ್ಟಿರಲಿಲ್ಲ. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ಕರೆಂಟಿನ ಗಲಾಟೆ ಸೋಸುವ ಫಿಲ್ಟರ್ ಇರುತ್ತದೆ. ಅದರಿಂದ ಸ್ವಲ್ಪ ಸೋರಿಕೆ ಬಾಡಿಗೆ ಬಂದು ಅರ್ತ್ ವೈರಿನಲ್ಲಿ ಇಳಿದು ಹೋಗಬೇಕು. ಅಕ್ಕನ ಮನೆ ಹಳೆಯದು, ಸಾಕೆಟ್‌ನ ಮೂರನೇ ತೂತಿಗೆ ಅರ್ತಿಂಗೇ ಇರಲಿಲ್ಲ. ಪುಕ್ಕಟೆಯದರಲ್ಲಿ ಫಿಲ್ಟರೇ ಇರಲಿಲ್ಲ ಅಂತ ಕಾಣುತ್ತದೆ, ಅದಕ್ಕೇ ಜುಮ್ ಅನ್ನುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಅರ್ತಿಂಗ್ ಕೊಟ್ಟ ಮೇಲೆ ಸರಿಹೋಯಿತು. ಕಂಪ್ಯೂಟರ್ ನೆಪದಲ್ಲಿ ಅವರ ಮನೆಯ ಫ್ರಿಜ್‌ಗೂ ಗೀಸರ್‌ಗೂ ಒಳ್ಳೆಯದಾಯಿತು.

ಮುಂದಿನ ವರ್ಷ ಅಳಿಯ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ತಗೊಂಡ. ಅದಕ್ಕೆ 8 ಪಿನ್‌ನ ವೈರ್ ಬೇಕು, ಅವನ ಎಸ್‌ಎಂಪಿಎಸ್‌ನಲ್ಲಿ ಇರಲಿಲ್ಲ. ಕನ್ವರ್ಟರ್ ಹಾಕಿಕೊಡ್ತೀನಿ ಅಂದರು ಅಂಗಡಿಯಲ್ಲಿ. ಬೇಡ ಅಂತ ಹೊಸ ಎಸ್‌ಎಂಪಿಎಸ್ ಕೊಡಿಸಿದೆ. ಹಾಗಾಗಿ ಪುಕ್ಕಟೆ ಮಾಲಿಗೆ ಕೊನೆಗೂ ದುಡ್ಡು ಬಿತ್ತು. ಕಾರ್ಡನ್ನು ಎರಡೂ ಸಿಸ್ಟಮ್‌ಗೆ ಹಾಕಿ ನೋಡಿದೆವು. ಭಾರದ ಆಟಗಳಲ್ಲಿ ಕಾರ್ಡೇ ಮಿತಿ, ಎರಡೂ ಸಮ. ವ್ಯಾಲರಂಟ್‌ನಂಥ ಹಗುರ ಆಟದಲ್ಲಿ ಐ5 ಚೆನ್ನಾಗಿಯೇ ಮುಂದಿತ್ತು. 5600ಜಿಯಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ ಮಾತ್ರ. ಜಿ ಇಲ್ಲದ ಬರೀ 5600ರಲ್ಲಿ 32 ಎಂಬಿ ಇದೆ. ಜೊತೆಗೆ ಕಾರ್ಡಿಗೂ ಪ್ರೊಸೆಸರ್‌ಗೂ ನಡುವಿನ ದಾರಿಯಲ್ಲಿ 5600ಜಿ ಹಳೆಯ ಪಿಸಿಐಇ 3ಕ್ಕೇ ನಿಲ್ಲುತ್ತದೆ. 6600ಗೆ ಆ ದಾರಿಯಲ್ಲಿ ಎಂಟು ಲೇನ್ ಇರುವುದರಿಂದ ಅದು ಅಷ್ಟಾಗಿ ತಾಗಲಿಲ್ಲ. ಆರ್‌ಎಕ್ಸ್ 6500 ಎಕ್ಸ್‌ಟಿಗೆ ನಾಲ್ಕೇ ಲೇನ್, ಅದನ್ನು ಈ ಪ್ರೊಸೆಸರ್ ಜೊತೆ ಹಾಕಬೇಡಿ.

ಹಾಗಾಗಿ ಕೇಳಿದವರಿಗೆ ನಾನು ಹೇಳುವುದು: ಕಾರ್ಡ್ ಬೇಡವೇ ಬೇಡ, ಸ್ವಲ್ಪ ಆಟವೂ ಬೇಕು ಅಂದರೆ 5600ಜಿ, ಆದರೆ ಎರಡು ಸ್ಟಿಕ್ ಜೊತೆ. ಆಟ ಬೇಡ, ವಿಡಿಯೋ ಇದೆ ಅಂದರೆ ಎಫ್ ಇಲ್ಲದ 12400. ವರ್ಷದೊಳಗೆ ಕಾರ್ಡ್ ಬರುತ್ತದೆ ಅಂದರೆ 5600ಜಿ ಬಿಟ್ಟುಬಿಡಿ, ಬರೀ 5600 ಅಥವಾ 12400ಎಫ್ ನೋಡಿ. ಇವುಗಳಲ್ಲಿ ಯಾವುದನ್ನೇ ತಗೊಂಡರೂ ಎಸ್‌ಎಂಪಿಎಸ್ ದುಡ್ಡಿಗೆ ಕೈ ಹಾಕಬೇಡಿ.

ಅದಲುಬದಲು ಒಪ್ಪಂದ ಇನ್ನೂ ಜಾರಿಯಲ್ಲಿದೆ ಅಂತ ನಾನು ತಿಳಿದಿದ್ದೆ. 2025ರ ಕೊನೆಯಲ್ಲಿ ರ್‍ಯಾಮ್ ಬೆಲೆ ಗಗನಕ್ಕೆ ಹೋಯಿತು. ಅದೇ ಹೊತ್ತಿಗೆ ನನಗೆ ಚಿತ್ರಗಳೇ ತುಂಬಿದ ಒಂದು ದೊಡ್ಡ ಪುಸ್ತಕದ ಕೆಲಸ ಬಂತು, 16 ಜಿಬಿ ಸಾಲದೆ ಸಿಸ್ಟಮ್ ತಿಣುಕಾಡತೊಡಗಿತು. ನನ್ನ ಎರಡು ಎಂಟು ತಗೊಂಡು ನಿನ್ನ ಎರಡು ಹದಿನಾರು ಕೊಡು ಅಂತ ಅಳಿಯನನ್ನು ಕೇಳಿದೆ. ಅವನು ನಕ್ಕ. ‘ಬೇಕಾದ್ರೆ ಪ್ರೊಸೆಸರ್ ತಗೊಂಡು ಹೋಗಿ ಮಾಮ, ರ್‍ಯಾಮ್ ಮಾತ್ರ ಕೇಳಬೇಡಿ.’