ಡೈನಮೋ ರಿಪೇರಿಯೋ, ಹೊಸದೋ? ಎರಡು ಜೀಪು, ಎರಡು ಮಳೆಗಾಲ

ನಮ್ಮ ಮನೆಯಲ್ಲಿ ಎರಡು ಡೀಸೆಲ್ ಜೀಪುಗಳಿವೆ. ನನ್ನದೊಂದು, ತಮ್ಮನದೊಂದು. ಮಾಡೆಲ್ ಒಂದೇ, ಎರಡೂ 2007ರವು. ಒಂದು ವರ್ಷದ ಒಳಗೆ ಎರಡರ ಆಲ್ಟರ್ನೇಟರೂ (ಇಂಜಿನ್ ಓಡುವಾಗ ಕರೆಂಟು ಮಾಡಿ ಬ್ಯಾಟರಿ ಚಾರ್ಜ್ ಮಾಡುವ ಸಾಮಾನು) ಕೈಕೊಟ್ಟವು. ಅವನು ಹೊಸದು ಹಾಕಿಸಿದ. ನಾನು ಹಳೇದನ್ನೇ ಬಿಚ್ಚಿಸಿ ರಿಪೇರಿ ಮಾಡಿಸಿದೆ. ಈಗ ಎರಡು ಮಳೆಗಾಲ ಕಳೆದಿವೆ, ಹಾಗಾಗಿ ಹೋಲಿಸಿ ಹೇಳುವಷ್ಟು ಧೈರ್ಯ ಬಂದಿದೆ. (ನಮ್ಮ ಕಡೆ ಗ್ಯಾರೇಜಿನಲ್ಲಿ ಆಲ್ಟರ್ನೇಟರನ್ನೂ ಡೈನಮೋ ಅಂತಲೇ ಕರೆಯೋದು. ನಿಜವಾದ ಡೈನಮೋ ಬೇರೆಯೇ ಸಾಮಾನು. ಇರಲಿ, ನಾನೂ ಹಾಗೇ ಬರೆಯುತ್ತೇನೆ.)

ಮೊದಲು ನನ್ನ ಜಿಪುಣತನದ ಕಥೆ. ಚಾರ್ಜ್ ಕಡಿಮೆಯಾದಾಗ ₹1,100 ಕೊಟ್ಟು ಕಾರ್ಬನ್ನು (ಒಳಗೆ ತಿರುಗುವ ಭಾಗಕ್ಕೆ ಉಜ್ಜಿಕೊಂಡು ಕರೆಂಟು ಕೊಡುವ ತುಂಡು), ಒಂದು ಬೇರಿಂಗು ಹಾಕಿಸಿದೆ. ಏಳು ತಿಂಗಳು ಬಂತು. ಜುಲೈ ತಿಂಗಳ ಒಂದು ರಾತ್ರಿ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆ. ಜಡಿಮಳೆ. ಮೊದಲು ವೈಪರ್ ನಿಧಾನವಾಯಿತು. ಆಮೇಲೆ ಹೆಡ್‌ಲೈಟು ಚಿಮಣಿ ಬುಡ್ಡಿಯ ಹಾಗೆ ಹಳದಿಯಾಯಿತು. ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ಲೈಟು ಮಾತ್ರ ಚೆನ್ನಾಗಿ ಉರಿಯುತ್ತಿತ್ತು! ಘಾಟಿಯಲ್ಲಿ 14 ತಿರುವು, ಒಂದೊಂದನ್ನೂ ಎಣಿಸಿದೆ. ಹಳೇ ಡೀಸೆಲ್ ಇಂಜಿನ್ನಿಗೆ ಓಡೋದಕ್ಕೆ ಹೆಚ್ಚು ಕರೆಂಟು ಬೇಡ, ಅದಕ್ಕೇ ಮನೆ ಸೇರಿದೆ.

ಅಷ್ಟಾದರೂ ಬುದ್ಧಿ ಬರಲಿಲ್ಲ. ಗುಜರಿಯಿಂದ ₹1,800ಕ್ಕೆ ಇನ್ನೊಂದು ಡೈನಮೋ ತಂದೆ. ಹಗಲೆಲ್ಲ ಚಾರ್ಜಿಂಗ್ ಸರಿ, ಬೆಳಗಾದರೆ ಬ್ಯಾಟರಿ ಡೌನ್. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಅದರ ಒಂದು ಡಯೋಡ್ ಹಾಳಾಗಿತ್ತು. ಗಾಡಿ ನಿಂತಾಗ ಬ್ಯಾಟರಿಯ ಕರೆಂಟು ಅದರ ಮೂಲಕ ವಾಪಸ್ ಸೋರುತ್ತಿತ್ತು. ಎರಡು ತಿಂಗಳು ಜೀಪನ್ನು ಇಳಿಜಾರಿನಲ್ಲೇ ನಿಲ್ಲಿಸಿದೆ. ಗುಜರಿಯದು ಅಂದರೆ ಲಾಟರಿ, ಅಷ್ಟೇ.

ಕೊನೆಗೆ ನನ್ನ ಹಳೇ ಡೈನಮೋವನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಶಿವಮೊಗ್ಗಕ್ಕೆ ಹೋದೆ. ಅಲ್ಲಿನ ಎಲೆಕ್ಟ್ರಿಷಿಯನ್ ಬಿಚ್ಚಿ ತೋರಿಸಿದಾಗಲೇ ನನಗೆ ವಿಷಯ ಅರ್ಥವಾಗಿದ್ದು. ಒಳಗೆಲ್ಲ ಕಪ್ಪು ಆಯಿಲ್. ಕಾರ್ಬನ್ನು ಆಯಿಲ್ ಕುಡಿದು ಜಿಡ್ಡಾಗಿತ್ತು, ಅದು ಉಜ್ಜುವ ಸ್ಲಿಪ್ ರಿಂಗ್ ಮೇಲೆ ಮಸಿ ಮೆತ್ತಿತ್ತು. ಇಂಥ ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಒತ್ತೋದನ್ನು ಹಗುರ ಮಾಡುವ ವ್ಯಾಕ್ಯೂಮ್ ಪಂಪು ಡೈನಮೋದ ಬೆನ್ನಿಗೇ ಇರುತ್ತದೆ, ಅದೇ ಶಾಫ್ಟಿನಿಂದ ತಿರುಗುತ್ತದೆ. ಆ ಪಂಪಿಗೆ ಇಂಜಿನ್ ಆಯಿಲ್ ಬರುತ್ತದೆ. ಸೀಲ್ ಗಟ್ಟಿಯಾಗಿ ಸೋರಿದರೆ ಆಯಿಲ್ ಸೀದಾ ಡೈನಮೋದೊಳಗೆ. ಹಿಂದಿನ ಸಲ ಕಾರ್ಬನ್ನು ಹಾಕಿದವರು ಸೀಲ್ ಮುಟ್ಟಿರಲೇ ಇಲ್ಲ. ಅಂದರೆ ₹1,100 ಕೊಟ್ಟು ನಾನು ಹೊಸ ಕಾರ್ಬನ್ನಿಗೆ ಆಯಿಲ್ ಕುಡಿಸಿದ್ದೆ.

ಒಳ್ಳೇ ಸುದ್ದಿಯೂ ಇತ್ತು. ಸ್ಟೇಟರಿನ (ತಿರುಗದೆ ನಿಂತಿರುವ ಭಾಗ) ತಾಮ್ರದ ತಂತಿ ಸುತ್ತಲೂ ಒಂದೇ ಬಣ್ಣ, ಎಲ್ಲೂ ಸುಟ್ಟ ಕಲೆ ಇಲ್ಲ. ಒಳಗೆ ತಿರುಗುವ ರೋಟರಿನ ಎರಡು ರಿಂಗಿಗೆ ಮೀಟರ್ ಇಟ್ಟರೆ ಸುಮಾರು 3 ಓಮ್. ಬೇರಿಂಗ್ ಕೂರುವ ಜಾಗ ಸವೆದಿರಲಿಲ್ಲ. 'ಇದನ್ನ ಬಿಸಾಕಬೇಡಿ ಸಾರ್, ತಾಮ್ರ ಚೆನ್ನಾಗಿದೆ' ಅಂದರು. ಎರಡೂ ಬೇರಿಂಗು, ಕಾರ್ಬನ್ನು, ಡಯೋಡ್ ಪ್ಲೇಟು, ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರು, ಪಂಪಿನ ಸೀಲು ಎಲ್ಲಾ ಹೊಸದು. ಸ್ಲಿಪ್ ರಿಂಗನ್ನು ಲೇತಿನಲ್ಲಿ ನಯ ಮಾಡಿಸಿದರು. ಒಟ್ಟು ₹4,300. ಆದರೆ ಮೂರು ದಿನ ಜೀಪು ಇಲ್ಲ, ಅದೂ ಅಡಿಕೆ ಕೊಯ್ಲಿನ ಹೊತ್ತಲ್ಲಿ.

ತಮ್ಮನದು ಬೇರೆ ಥರ. ಬಿಚ್ಚುತ್ತಿದ್ದ ಹಾಗೇ ಸುಟ್ಟ ವಾರ್ನಿಶ್ ವಾಸನೆ. ಸ್ಟೇಟರಿನ ಒಂದು ಭಾಗ ಇದ್ದಿಲಿನ ಹಾಗಿತ್ತು. ರೀವೈಂಡಿಂಗ್ (ತಂತಿ ಹೊಸದಾಗಿ ಸುತ್ತೋದು) ಸೇರಿ ಎಲ್ಲಾ ಮಾಡಿಸಿದರೆ ₹6,500 ದಾಟುತ್ತದೆ ಅಂದರು. ಹೊಸದು ಪಂಪಿನ ಸಮೇತ ₹9,800, ಹಳೇದು ಕೊಟ್ಟರೆ ₹500 ಕಮ್ಮಿ. ₹5,500ಕ್ಕೆ ಇನ್ನೊಂದು 'ಹೊಸದು' ಕೂಡ ತೋರಿಸಿದರು. ಕೈಯಲ್ಲಿ ಎತ್ತಿದರೆ ಅನುಮಾನ ಬರುವಷ್ಟು ಹಗುರ. ಅವನು ಅದನ್ನು ಅಲ್ಲೇ ಇಟ್ಟು, ಕಂಪನಿಯದ್ದೇ ತಗೊಂಡ. ಅರ್ಧ ದಿನದಲ್ಲಿ ಕೆಲಸ ಮುಗಿಯಿತು.

ಇಬ್ಬರೂ ಒಂದೇ ಮಲ್ಟಿಮೀಟರಿನಲ್ಲಿ ನೋಡಿದ್ದೇವೆ. ಬರೀ ಇಂಜಿನ್ ಓಡುವಾಗ ಅವನದು 14.2 ವೋಲ್ಟ್, ನನ್ನದು 14.0. ಹೆಡ್‌ಲೈಟು, ವೈಪರ್, ಬ್ಲೋವರ್ ಎಲ್ಲಾ ಹಾಕಿ ಐಡಲಿನಲ್ಲಿ ಬಿಟ್ಟರೆ ಅವನದು 13.7, ನನ್ನದು 13.4. ಸ್ವಲ್ಪ ಆಕ್ಸಿಲರೇಟರ್ ಒತ್ತಿದರೆ ವ್ಯತ್ಯಾಸವೇ ಇಲ್ಲ. ಎರಡು ಮಳೆಗಾಲದಲ್ಲಿ ಅವನು ಬಾನೆಟ್ ಒಳಗೆ ಕೈ ಹಾಕಿಲ್ಲ. ನಾನು ಒಮ್ಮೆ ಬೆಲ್ಟ್ ಬಿಗಿ ಮಾಡಿಸಿ, ಕಾರ್ಬನ್ ಬದಲಾಯಿಸಿದೆ, ₹250. ಬ್ರೇಕು ಎರಡರದ್ದೂ ಸರಿ ಇದೆ. ಇದನ್ನು ಯಾಕೆ ಹೇಳಿದೆ ಅಂದರೆ, ಈ ಗಾಡಿಗಳಲ್ಲಿ ಡೈನಮೋ ಬೆಲ್ಟು ಹರಿದರೆ ಚಾರ್ಜಿಂಗ್ ಜೊತೆಗೆ ವ್ಯಾಕ್ಯೂಮೂ ಹೋಗುತ್ತದೆ. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲು ಕಲ್ಲಾಗುತ್ತದೆ. ಘಾಟಿ ಇಳಿಯುವಾಗ ಬೇಡವೇ ಬೇಡ.

ನನ್ನ ಲೆಕ್ಕ ಇಷ್ಟು. ತಾಮ್ರ ಚೆನ್ನಾಗಿದ್ದರೆ ರಿಪೇರಿ, ಆದರೆ ಪೂರ್ತಿ ರಿಪೇರಿ. ವೈಂಡಿಂಗ್ ಸುಟ್ಟಿದ್ದರೆ ಅಥವಾ ಬೇರಿಂಗ್ ಕೂರುವ ಜಾಗ ಸಡಿಲವಾಗಿದ್ದರೆ ಹೊಸದು. ತಮ್ಮ ವಾರಕ್ಕೊಮ್ಮೆ ರಾತ್ರಿ ಮಂಗಳೂರಿಗೆ ಹೋಗಿ ಬರುತ್ತಾನೆ. ಅವನ ಜಾಗದಲ್ಲಿದ್ದಿದ್ದರೆ ತಾಮ್ರ ಸರಿ ಇದ್ದರೂ ನಾನು ಹೊಸದೇ ಹಾಕಿಸುತ್ತಿದ್ದೆನೇನೋ. ನನ್ನದು ತೋಟ, ತೀರ್ಥಹಳ್ಳಿ ಪೇಟೆ, ಅಷ್ಟರಲ್ಲೇ ಓಡಾಟ. ಇಷ್ಟಕ್ಕೆ ₹9,800 ಯಾಕೆ ಅಲ್ವಾ? ಯಾವ ಅಂಗಡಿಯಾದರೂ ಸರಿ, ಬಿಚ್ಚುವಾಗ ಎದುರಿಗೇ ನಿಂತಿರಿ. ತೆಗೆದ ಹಳೇ ಸಾಮಾನು ವಾಪಸ್ ಕೇಳಿ.

ಆ ಗುಜರಿ ಡೈನಮೋ ಇನ್ನೂ ಕೊಟ್ಟಿಗೆ ಅಟ್ಟದ ಮೇಲೆ ಬಿದ್ದಿದೆ. ಡಯೋಡ್ ಪ್ಲೇಟ್ ಹಾಕಿಸಿ ಸ್ಪೇರ್ ಅಂತ ಇಟ್ಟುಕೊಳ್ಳೋಣ ಅಂದರೆ, ತಮ್ಮ ಅದರ ಹೆಸರೆತ್ತಿದರೇ ನಗುತ್ತಾನೆ.