ಐವರು ಗೆಳೆಯರು, ಒಂದು ರೇಸ್ ನಾಯಿ: ಎರಡೂವರೆ ವರ್ಷ ಆದ ಮೇಲೆ

ಮೆಲ್ಬರ್ನ್‌ನಲ್ಲಿ ನಾಲ್ಕು ಜನ ಕನ್ನಡದವರು ಸೇರಿದ ಕಡೆ ಒಬ್ಬರಾದರೂ ಕೇಳೇ ಕೇಳುತ್ತಾರೆ: "ನಾಯಿಯಲ್ಲಿ ಪಾಲು ತಗೊಂಡಿದ್ರಂತಲ್ಲ, ಹೇಗಿದೆ?" ಒಂದೇ ಮಾತಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಹಾಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಸಿಂಡಿಕೇಟ್ (ಪಾಲುದಾರರ ಗುಂಪು) ನೋಂದಣಿ ಹೇಗೆ, ನಾಯಿಗಳು ಓಟಕ್ಕೆ ಹೊರಡುವ ಎಂಟು ಬಾಕ್ಸ್‌ಗೆ ಯಾವ ಯಾವ ಬಣ್ಣದ ಅಂಗಿ, ಗ್ರೇಡ್ ಅಂದರೆ ಏನು ಅನ್ನುವುದೆಲ್ಲ, ಇಲ್ಲಿ ಗ್ರೇಹೌಂಡ್ ಜಾತಿಯ ನಾಯಿಗಳ ಓಟ ನೋಡಿಕೊಳ್ಳುವ ಗ್ರೇಹೌಂಡ್ ರೇಸಿಂಗ್ ವಿಕ್ಟೋರಿಯಾದವರ ವೆಬ್‌ಸೈಟಿನಲ್ಲೇ ಇದೆ. ನಾನು ಅದಕ್ಕೆ ಕೈ ಹಾಕುವುದಿಲ್ಲ.

ಟಾರ್ನೀಟ್, ಪಾಯಿಂಟ್ ಕುಕ್ ಕಡೆ ಇರುವ ಐದು ಜನ ನಾವು. ಕುದುರೆಯ ಪಾಲು ನಮ್ಮ ಕೈಗೆಟುಕುವುದಲ್ಲ. ತಿಂಗಳು ತಿಂಗಳೂ ಬರುವ ತರಬೇತಿ ಬಿಲ್ಲೇ ಮನೆಸಾಲದ ಕಂತಿನ ಪಕ್ಕ ಕೂರುತ್ತದೆ. ನಾಯಿಯದು ಹಾಗಲ್ಲ. ಇಲ್ಲಿ ಬಹಳ ಕಡೆ ನಡೆಯುವ ಪದ್ಧತಿ ಏನೆಂದರೆ, ಊಟ, ಕೆನಲ್ (ನಾಯಿಗೂಡು), ಓಡಾಟ ಎಲ್ಲ ಟ್ರೈನರ್ ಖರ್ಚು. ಗೆದ್ದ ಹಣದಲ್ಲಿ ಅರ್ಧ ಅವರಿಗೆ, ಅರ್ಧ ಮಾಲೀಕರಿಗೆ. ಆ ಅರ್ಧವನ್ನು ಐದು ಭಾಗ ಮಾಡಿದರೆ, ರೇಸಿನ ರಾತ್ರಿ ಮನೆಗೆ ಹೋಗುವಾಗ ದೋಸೆ ತಿಂದು ಕಾಫಿ ಕುಡಿಯುವಷ್ಟು ಉಳಿಯುತ್ತದೆ. ಹಣ ಮಾಡುವ ಆಸೆ ಇದ್ದವರು ಇಲ್ಲಿಗೇ ಓದು ನಿಲ್ಲಿಸಬಹುದು.

ಮರಿ ಕೊಂಡರೆ ಅಗ್ಗ, ಆದರೆ 16 ತಿಂಗಳು ತುಂಬುವ ತನಕ ರೇಸಿಗೆ ಬಿಡುವ ಹಾಗಿಲ್ಲ. ಅಲ್ಲಿಯವರೆಗೆ ಸಾಕಿದ್ದಕ್ಕೆ ವಾರ ವಾರ ದುಡ್ಡು ಕೊಡಬೇಕು, ಕೊನೆಗೆ ಅದು ಓಡುತ್ತದೋ ಇಲ್ಲವೋ ದೇವರೇ ಬಲ್ಲ. ನಾವು ಪಳಗಿಸಿ ಆದ, ಓಡಲು ತಯಾರಾದ ಹೆಣ್ಣುನಾಯಿಯನ್ನೇ ಒಬ್ಬ ಏಜೆಂಟ್ ಮೂಲಕ ಕೊಂಡೆವು. ಹುಲಿಪಟ್ಟೆಯ ಮೈ, ಎದೆಯ ಮೇಲೆ ಬಿಳಿ ಮಚ್ಚೆ. ಚುಕ್ಕಿ ಎಂದು ಕರೆದೆವು. ರೇಸಿನ ಹೆಸರು ಬೇರೆ ಇತ್ತು, ಅದನ್ನು ಯಾರೂ ಬಳಸಲಿಲ್ಲ. ನಮ್ಮಲ್ಲೊಬ್ಬ ಮುಧೋಳದ ಕಡೆಯವನು, ಬೇಟೆನಾಯಿ ನೋಡುತ್ತಲೇ ಬೆಳೆದವನು. ಮೊದಲ ದಿನ ಅವಳ ಸುತ್ತ ಒಂದು ಸುತ್ತು ಹಾಕಿ ಬಂದು, "ಮಾರಿ ನಮ್ಮ ನಾಯಿದ್ದಾಂಗ ಐತಿ. ಆದ್ರ ತೊಡಿ ನೋಡಲೇ, ಪೈಲ್ವಾನಂದು!" ಎಂದ. ಆಮೇಲೆ ಯಾರು ಏನೇ ಅಂದರೂ ನಾಯಿಯ ವಿಷಯದಲ್ಲಿ ಅವನ ಮಾತೇ ಕಡೆಯ ಮಾತಾಯಿತು.

ರೇಸು ಅಂದರೆ ಎಷ್ಟು ಹೊತ್ತು? ಗೀಲಾಂಗ್‌ನಲ್ಲಿ 400 ಮೀಟರ್, ಇಪ್ಪತ್ತಮೂರು ಸೆಕೆಂಡಿನ ಆಸುಪಾಸು. ಫೋನ್ ತೆಗೆದು ವಿಡಿಯೋ ಒತ್ತುವಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕೂ ಮೊದಲಿನ ಒಂದು ಗಂಟೆ ನಾಯಿ ನಿಮ್ಮ ಕೈಗೆ ಸಿಗುವುದಿಲ್ಲ. ತೂಕ, ಪಶುವೈದ್ಯರ ಪರೀಕ್ಷೆ ಮುಗಿಸಿ ಒಳಗೆ ಕೂಡಿ ಬೀಗ ಹಾಕಿರುತ್ತಾರೆ. ತೂಕ ಹಿಂದಿನ ರೇಸಿಗಿಂತ ಒಂದು ಕಿಲೋಗೂ ಹೆಚ್ಚು ಆಚೀಚೆ ಆಗಿದ್ದರೆ ಆ ದಿನ ಓಟವೇ ಇಲ್ಲ. ಸ್ವಂತ ತೂಕದ ಬಗ್ಗೆ ಒಂದು ದಿನವೂ ತಲೆ ಕೆಡಿಸಿಕೊಳ್ಳದ ಐದು ಗಂಡಸರು ಒಂದು ನಾಯಿಯ ಇನ್ನೂರು ಗ್ರಾಂಗೆ ವಾಟ್ಸಾಪ್‌ನಲ್ಲಿ ಜಗಳ ಆಡಿದ್ದೂ ಇದೆ.

ನನಗೆ ಹಿಡಿಸಿದ್ದು ರೇಸಲ್ಲ, ರೇಸಾದ ಮೇಲಿನ ಕೆಲಸ. ಟ್ರೈನರ್ ಅರವತ್ತು ದಾಟಿದ ಹೆಂಗಸು, ಮಾತು ಬಹಳ ಕಮ್ಮಿ. ಓಟ ಮುಗಿಸಿ ಬಂದ ಚುಕ್ಕಿಯ ಮೈಯಿಂದ ಬಿಸಿ ಹಬೆ ಏಳುತ್ತಿರುತ್ತದೆ, ನಾಲಿಗೆ ಒಂದು ಕಡೆ ಜೋತುಬಿದ್ದಿರುತ್ತದೆ. ಮೊದಲು ಸ್ವಲ್ಪವೇ ಸ್ವಲ್ಪ ನೀರು. ಆಮೇಲೆ ಒಂದೊಂದೇ ಕಾಲನ್ನು ಎತ್ತಿ, ಬೆರಳುಗಳನ್ನು ಅಗಲಿಸಿ, ನಡುವಿನ ತೆಳು ಚರ್ಮದಲ್ಲಿ ಸಿಕ್ಕಿಕೊಂಡ ಟ್ರ್ಯಾಕಿನ ಮರಳನ್ನು ನೀರು ಬಿಟ್ಟು ತೊಳೆಯಬೇಕು. ಒಂದು ಕಾಳು ಉಳಿದರೂ ಆ ಚರ್ಮ ಉಜ್ಜಿ ಸೀಳುತ್ತದೆ, ಮುಂದಿನ ವಾರ ಕುಂಟು. ತೊಳೆದಾದ ಮೇಲೆ ಟವೆಲ್ ಸುತ್ತಿ ಒಂದೊಂದು ಬೆರಳಿನ ಸಂದಿಯನ್ನೂ ಒರೆಸುತ್ತಾರೆ. ಮರುದಿನ ಬೆಳಿಗ್ಗೆ ಭುಜದಿಂದ ತೊಡೆಯವರೆಗೆ ಹೆಬ್ಬೆರಳಲ್ಲಿ ಒತ್ತುತ್ತಾ ಹೋಗುತ್ತಾರೆ. ಎಲ್ಲಿ ಚರ್ಮ ಅದುರಿತೋ ಅಲ್ಲಿ ನೋವಿದೆ ಅಂತ ಲೆಕ್ಕ. ಭಾನುವಾರ ಅವರ ಜಾಗಕ್ಕೆ ಹೋದರೆ ನನಗೂ ಆ ಕೆಲಸ ಕೊಡುತ್ತಿದ್ದರು. ಪಾದ ತೊಳೆಯುವಾಗ ಚುಕ್ಕಿ ತನ್ನ ಇಡೀ ಭಾರವನ್ನು ನನ್ನ ಮೊಣಕಾಲಿಗೆ ಒರಗಿಸಿ, ಎಲ್ಲೋ ನೋಡುತ್ತಾ ನಿಲ್ಲುತ್ತಿದ್ದಳು. ಪಾಲಿಗೆ ಕೊಟ್ಟ ದುಡ್ಡು ಅಲ್ಲಿಗೇ ವಸೂಲಾಯಿತು ಅನ್ನಿಸಿತ್ತು.

ಇಲ್ಲಿಯವರೆಗೆ ಕೇಳಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ.

ಎರಡನೇ ಚಳಿಗಾಲದಲ್ಲಿ ಮೊದಲ ತಿರುವಿನಲ್ಲೇ ಹೊರಗಿನಿಂದ ಬಂದ ನಾಯಿ ಡಿಕ್ಕಿ ಹೊಡೆದು ಚುಕ್ಕಿ ಬಿದ್ದಳು. ಬಲ ಹಿಂಗಾಲಿನ ಹಾಕ್ ಕೀಲಿನ (ನಮ್ಮ ಹಿಮ್ಮಡಿಯ ಕೀಲಿದ್ದ ಹಾಗೆ) ಮೂಳೆ ಮುರಿದಿತ್ತು. ಇಲ್ಲಿ ಓಟ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ. ತಿರುವಿನಲ್ಲಿ ಅಷ್ಟೂ ಭಾರ ಬೀಳುವುದು ಬಲಗಾಲಿನ ಮೇಲೆ, ಹಾಗಾಗಿ ಗ್ರೇಹೌಂಡ್‌ಗಳಲ್ಲಿ ಮುರಿಯುವುದೂ ಹೆಚ್ಚಾಗಿ ಅದೇ ಕೀಲು. ಹೀಲ್ಸ್‌ವಿಲ್‌ನಲ್ಲಿ ನೆಟ್ಟಗಿನ ಟ್ರ್ಯಾಕ್ ಇದೆ, 300 ಮತ್ತು 350 ಮೀಟರ್, ತಿರುವೇ ಇಲ್ಲ. ಎಲ್ಲ ಟ್ರ್ಯಾಕೂ ಹಾಗೇ ಯಾಕಿಲ್ಲ ಎಂದು ಆ ರಾತ್ರಿ ಮುಧೋಳದವನು ಕೇಳಿದ. ನಮ್ಮ ಟ್ರೈನರ್ ಹತ್ತಿರವೂ ಉತ್ತರ ಇರಲಿಲ್ಲ.

ಆಗ ಒಪ್ಪಂದದ ಕಾಗದ ತೆಗೆದು ಮತ್ತೆ ಓದಿದೆವು. ಏಜೆಂಟ್ ಕೊಟ್ಟ ಸಿದ್ಧ ನಮೂನೆ ಅದು. ಗೆದ್ದ ಹಣ ಹೇಗೆ ಹಂಚಬೇಕು, ಒಬ್ಬ ಪಾಲು ಮಾರಿದರೆ ಏನು, ಟ್ರೋಫಿ ಯಾರ ಮನೆಯಲ್ಲಿರಬೇಕು, ಎಲ್ಲಕ್ಕೂ ಕಲಮು ಇತ್ತು. ಆಪರೇಷನ್ ಬಿಲ್ಲು ಯಾರು ಕಟ್ಟಬೇಕು, ಓಟ ನಿಂತ ಮೇಲೆ ನಾಯಿ ಎಲ್ಲಿರಬೇಕು ಎಂಬುದಕ್ಕೆ ಒಂದು ಸಾಲೂ ಇಲ್ಲ. ಏಜೆಂಟ್‌ಗೆ ಫೋನ್ ಮಾಡಿದರೆ, "ಅದು ನಿಮ್ಮ ನಿಮ್ಮಲ್ಲೇ ಮಾತಾಡಿಕೊಳ್ಳುವ ವಿಷಯ" ಅಂದ. ಮಾರುವಾಗ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದ ಪುಣ್ಯಾತ್ಮ!

ನಿಯಮ ಮಾತ್ರ ಸ್ಪಷ್ಟ: ನಿವೃತ್ತ ನಾಯಿಗೆ ನೆಲೆ ಹುಡುಕುವ ಹೊಣೆ ಮಾಲೀಕರದ್ದು. ಮಾಲೀಕರು ಐದು ಜನ. ರೇಸು ಗೆದ್ದ ರಾತ್ರಿ "ನಮ್ಮ ನಾಯಿ" ಆಗಿದ್ದವಳು ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ "ಆ ನಾಯಿ" ಆದಳು. ಒಬ್ಬನಿಗೆ ಬಾಡಿಗೆ ಮನೆ, ಇನ್ನೊಬ್ಬನ ಹೆಂಡತಿ ಬಸುರಿ, ನನ್ನ ಮಗನಿಗೆ ಕೂದಲ ಅಲರ್ಜಿ. ಎಲ್ಲವೂ ನಿಜವಾದ ಕಾರಣಗಳೇ. ಆದರೂ ಗುಂಪಿನಲ್ಲಿ ನೀಲಿ ಟಿಕ್ ಬಿದ್ದು ಉತ್ತರ ಬಾರದ ಆ ದಿನಗಳು ನನಗೆ ರೇಸಿನ ಯಾವ ಸೋಲಿಗಿಂತಲೂ ಕಹಿ. ಬಿಲ್ಲು ಐದು ಭಾಗ ಆಯಿತು, ಐದನೇ ಭಾಗಕ್ಕೆ ನಾಲ್ಕು ಸಲ ನೆನಪಿಸಬೇಕಾಯಿತು.

ಈ ಆಟದ ಮೇಲಿನ ಆಕ್ಷೇಪಗಳು ನನಗೆ ಗೊತ್ತಿಲ್ಲದ್ದಲ್ಲ. 2015ರಲ್ಲಿ ಇಲ್ಲಿನ ಎಬಿಸಿ ವಾಹಿನಿ ಜೀವಂತ ಪ್ರಾಣಿಗಳನ್ನು ಬೇಟೆಯಾಗಿ ಕಟ್ಟಿ ನಾಯಿ ಪಳಗಿಸುವುದನ್ನು ಬಯಲಿಗೆಳೆಯಿತು. ಮರುವರ್ಷ ನ್ಯೂ ಸೌತ್ ವೇಲ್ಸ್ ನಿಷೇಧ ಪ್ರಕಟಿಸಿ ಮೂರೇ ತಿಂಗಳಲ್ಲಿ ಹಿಂದೆಗೆಯಿತು. ಕ್ಯಾನ್‌ಬೆರಾ ಪ್ರಾಂತ್ಯ 2018ರಲ್ಲಿ ನಿಲ್ಲಿಸಿಯೇ ಬಿಟ್ಟಿತು. ತಾನೂ ನಿಲ್ಲಿಸುವುದಾಗಿ ನ್ಯೂಜಿಲೆಂಡ್ 2024ರ ಡಿಸೆಂಬರ್‌ನಲ್ಲಿ ಹೇಳಿತು. ನಮ್ಮ ಟ್ರೈನರ್ ಕೈಯಲ್ಲಿ ಕ್ರೌರ್ಯ ಇರಲಿಲ್ಲ, ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆದರೆ ಬಹುಮಾನದ ಹಣ ಹುಟ್ಟುವುದೇ ಬೆಟ್ಟಿಂಗ್‌ನಿಂದ. ನಾನು ಒಂದು ಡಾಲರ್ ಕಟ್ಟದಿದ್ದರೂ ಆ ಲೆಕ್ಕದಿಂದ ಹೊರಗಿರಲಿಲ್ಲ.

ನಿವೃತ್ತ ನಾಯಿಗಳ ದತ್ತು ಕಾರ್ಯಕ್ರಮಕ್ಕೆ ಅರ್ಜಿ ಹಾಕೋಣ ಎಂದು ಹೊರಟಾಗ ಮುಂದೆ ಬಂದವನು ನಾವ್ಯಾರೂ ಎಣಿಸದಿದ್ದವನು: ನಮ್ಮ ಲೆಕ್ಕಪತ್ರ ನೋಡುತ್ತಿದ್ದ, ಒಂದೇ ಒಂದು ರೇಸಿಗೂ ಬಾರದಿದ್ದ ಗೆಳೆಯ. "ಹಿತ್ತಲಿಗೆ ಬೇಲಿ ಇದೆ, ಕಳಿಸ್ರಿ" ಅಂತ ಒಂದೇ ಸಾಲಿನ ಮೆಸೇಜು. ಕೆನಲ್‌ನಲ್ಲೇ ಬೆಳೆದವಳಿಗೆ ಮೆಟ್ಟಿಲು ಏನೆಂದು ಗೊತ್ತಿಲ್ಲ, ಟೈಲ್ಸ್ ಮೇಲೆ ಕಾಲಿಡಲು ಹೆದರಿಕೆ. ಬಾಗಿಲಿಂದ ಅಡುಗೆಮನೆಯವರೆಗೆ ಅವನು ಹಳೇ ಯೋಗಾ ಮ್ಯಾಟ್ ಕತ್ತರಿಸಿ ದಾರಿ ಮಾಡಿಕೊಟ್ಟ. ವಿಕ್ಟೋರಿಯಾದಲ್ಲಿ ಸಾಕಿದ ಗ್ರೇಹೌಂಡ್‌ಗೆ 2019ರಿಂದ ಬಾಯಿಗವಸು ಕಡ್ಡಾಯವಲ್ಲ, ಹೊರಗೆ ಹೋದರೆ ಹಗ್ಗ ಬೇಕೇ ಬೇಕು. ಓಟಕ್ಕೇ ಹುಟ್ಟಿದ ಈ ಜಾತಿ ಮನೆಯಲ್ಲಿ ಹಗಲೆಲ್ಲ ನಾಲ್ಕೂ ಕಾಲು ಮೇಲೆ ಮಾಡಿ ಮಲಗಿರುತ್ತದೆ ಅನ್ನುವುದು ನೋಡದೆ ನಂಬುವಂಥದ್ದಲ್ಲ.

ಈಗ ಕೇಳಿದರೆ ಐದಕ್ಕೆ ಮೂರು ಸ್ಟಾರ್. ಸೇರುವವರಿದ್ದರೆ ಗೆಲುವಿನ ಹಂಚಿಕೆ ಕೊನೆಗಿರಲಿ. ಒಪ್ಪಂದದ ಮೊದಲ ಪುಟದಲ್ಲೇ ಆಸ್ಪತ್ರೆ ಖರ್ಚಿಗೆ ಮುಂಗಡ ನಿಧಿ, ನಿವೃತ್ತಿಯ ನಂತರದ ಮನೆಯ ವಿಳಾಸ, ಆ ಮನೆಯ ಯಜಮಾನಿಯ ಸಹಿ ಬೀಳಲಿ. ನಮ್ಮ ಗುಂಪಿನಲ್ಲಿ ಹೊಸ ನಾಯಿಯ ಮಾತು ಶುರುವಾಗಿದೆ. ಈ ಮೂರೂ ಬರೆದು ಕಳಿಸಿ ಎಂದಿದ್ದೇನೆ, ಇನ್ನೂ ಯಾರೂ ಕಳಿಸಿಲ್ಲ.