ಗಾಯ ಮಾಯಿಸುವ ಜೆಲ್‌ಗೆ ಪರೀಕ್ಷೆ: ಇಲಿಯೋ, ಹಂದಿಯೋ, ತಟ್ಟೆಯಲ್ಲಿಟ್ಟ ಚರ್ಮವೋ?

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಕೆಲವೊಮ್ಮೆ ತಿಂಗಳುಗಟ್ಟಲೆ ಮಾಯುವುದಿಲ್ಲ. ಅದಕ್ಕೆ ಹಚ್ಚಲು ನಮ್ಮ ಲ್ಯಾಬ್‌ನಲ್ಲಿ ಒಂದು ಜೆಲ್ ಮಾಡಿದ್ದೆವು. ಚರ್ಮಕ್ಕೆ ಬಲ ಕೊಡುವ ಪ್ರೋಟೀನ್ ಕೊಲಾಜನ್, ಅದರೊಳಗೆ ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ. ಮನುಷ್ಯರಿಗೆ ಹಚ್ಚುವ ಮುಂಚೆ ಬೇರೆಲ್ಲಾದರೂ ನೋಡಬೇಕಲ್ವಾ? ಆ 'ಬೇರೆಲ್ಲಾದರೂ' ಹುಡುಕುವುದರಲ್ಲೇ ಮೂರು ವರ್ಷ ಹೋಯಿತು.

ಮೊದಲು ಇಲಿ. ಖರ್ಚು ಕಡಿಮೆ, ಜಾಗ ಕಡಿಮೆ. ಬೆನ್ನಿನ ಕೂದಲು ತೆಗೆದು ಚರ್ಮವನ್ನು ದುಂಡಗೆ ಕತ್ತರಿಸುವ 6 ಮಿ.ಮೀ. ಪಂಚ್‌ನಿಂದ ಎರಡು ಗಾಯ ಮಾಡಿದೆವು. ಒಂದಕ್ಕೆ ನಮ್ಮ ಜೆಲ್, ಇನ್ನೊಂದಕ್ಕೆ ಬರೀ ಕೊಲಾಜನ್. ಹತ್ತು ಹನ್ನೆರಡು ದಿನಕ್ಕೆ ಜೆಲ್ ಹಚ್ಚಿದ ಗಾಯ ಮುಚ್ಚಿತು. ಫೋಟೋ ನೋಡಿ ಕುಣಿದಾಡಿದ್ದೇ ಬಂತು. ಪಕ್ಕದ ಗಾಯವೂ ಹೆಚ್ಚುಕಡಿಮೆ ಅಷ್ಟೇ ದಿನಕ್ಕೆ ಮುಚ್ಚಿತ್ತು!

ಕಾರಣ ಚರ್ಮದ ಕೆಳಗೇ ಇದೆ. ನೊಣ ಕೂತರೆ ಹಸು ಚರ್ಮವನ್ನಷ್ಟೇ ಪಟಪಟ ಅದುರಿಸುತ್ತದಲ್ಲ, ಅದನ್ನು ಮಾಡುವುದು ಚರ್ಮಕ್ಕೆ ಅಂಟಿದ ಒಂದು ತೆಳು ಸ್ನಾಯು. ಇಲಿಗೂ ಅದಿದೆ, ನಮಗೆ ಅದರ ಪಳೆಯುಳಿಕೆಯಷ್ಟೇ ಇದೆ. ಹಾಗಾಗಿ ಎಲೆಯಡಿಕೆ ಸಂಚಿಯ ದಾರ ಎಳೆದ ಹಾಗೆ ಇಲಿಯ ಗಾಯದ ಬಾಯಿ ಕೂಡಿಕೊಳ್ಳುತ್ತದೆ. ಮನುಷ್ಯರ ಗಾಯ ಜಾಸ್ತಿ ತುಂಬಿಕೊಳ್ಳುವುದು ಹೊಸ ಮಾಂಸ, ಹೊಸ ಚರ್ಮ ಬೆಳೆದು. ನಾವು ಅಳೆದಿದ್ದು ಇಲಿಯ ಸ್ನಾಯುವಿನ ಶಕ್ತಿಯನ್ನು, ಜೆಲ್‌ನದ್ದನ್ನಲ್ಲ.

ಇದಕ್ಕೆ ಮದ್ದು ಸಿಲಿಕೋನ್ ಉಂಗುರ. 2004ರಲ್ಲಿ ಗ್ಯಾಲಿಯಾನೋ ಮತ್ತು ಸಂಗಡಿಗರು ತೋರಿಸಿದ ವಿಧಾನ. ಗಾಯದ ಸುತ್ತ ಉಂಗುರ ಅಂಟಿಸಿ, ಮೇಲೆ ಹೊಲಿಗೆ ಹಾಕಿ, ಚರ್ಮ ಕುಗ್ಗದಂತೆ ಹಿಡಿದಿಡುವುದು. ನಾವು ಅದನ್ನು ಡಿಬಿ/ಡಿಬಿ ಇಲಿಗಳ ಮೇಲೆ ಮಾಡಿದೆವು. ಹಸಿವು ತಡೆಯುವ ಲೆಪ್ಟಿನ್ ಹಾರ್ಮೋನನ್ನು ಗುರುತಿಸುವ ರಿಸೆಪ್ಟರ್ ಹುಟ್ಟಿನಿಂದಲೇ ಕೆಟ್ಟಿರುವ, ಕೆಲವೇ ವಾರಗಳಲ್ಲಿ ದಪ್ಪಗಾಗಿ ಸಕ್ಕರೆ ಏರುವ ತಳಿ ಅದು. ಕಷ್ಟ ಶುರುವಾಗಿದ್ದು ಆಮೇಲೆ. ಮೂರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಪಂಜರದ ಹೊಟ್ಟಿನಲ್ಲಿ ನಾಲ್ಕು ಉಂಗುರ ಬಿದ್ದಿವೆ, ಅಂಚೆಲ್ಲ ಹಲ್ಲಿನ ಗುರುತು. ಅವತ್ತಿನಿಂದ ಒಂದು ಪಂಜರಕ್ಕೆ ಒಂದೇ ಇಲಿ. ಉಂಗುರ ನಿಂತ ಕಡೆ ಜೆಲ್‌ನ ಲಾಭ ಸಣ್ಣದೇ, ಆದರೆ ನಂಬುವಂಥದ್ದು.

ಇನ್ನೊಂದು ಸಿಕ್ಕು. ಮನುಷ್ಯರ ಸ್ಟೆಮ್ ಸೆಲ್ ಹಾಕಿದರೆ ಮಾಮೂಲಿ ಇಲಿಯ ದೇಹ ಅದನ್ನು ಪರಕೀಯ ಅಂತ ಕೊಲ್ಲುತ್ತದೆ. ರೋಗನಿರೋಧಕ ಶಕ್ತಿಯೇ ಇಲ್ಲದ ಇಲಿ ತಂದರೆ ಕೋಶ ಉಳಿಯುತ್ತವೆ, ಆದರೆ ಗಾಯದ ಉರಿಯೂತವೇ ಬೇರೆ ರೀತಿಯಾಗುತ್ತದೆ. ಇಲಿಯ ಕೋಶವನ್ನೇ ಹಾಕಿದರೆ ಅದು ರೋಗಿಗೆ ಕೊಡುವ ಔಷಧವೇ ಅಲ್ಲ. ನಾವು ಕೊನೆಯದ್ದನ್ನು ಆರಿಸಿಕೊಂಡೆವು, ಅರೆಮನಸ್ಸಿನಿಂದ.

ಮನುಷ್ಯರ ಚರ್ಮವನ್ನೇ ತಟ್ಟೆಯಲ್ಲಿಡುವುದು ಮೂರನೇ ದಾರಿ. ಹೊಟ್ಟೆಯ ಬೊಜ್ಜು ತೆಗೆಯುವ ಆಪರೇಷನ್‌ನಲ್ಲಿ ಉಳಿದ ಚರ್ಮ, ರೋಗಿಯ ಒಪ್ಪಿಗೆ ಪಡೆದು ಐಸ್ ಡಬ್ಬಿಯಲ್ಲಿ ಬರುತ್ತಿತ್ತು. ಕೆಳಗೆ ಪೋಷಕ ದ್ರವ, ಮೇಲೆ ಗಾಳಿ. ಅಂಚಿನಿಂದ ಹೊಸ ಪದರ ತೆವಳಿಕೊಂಡು ಬರುವುದನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದೇ ಒಂದು ಸುಖ. ಆದರೆ ರಕ್ತ ಹರಿಯುವುದಿಲ್ಲ, ಹೊರಗಿನಿಂದ ಬಿಳಿ ರಕ್ತಕಣ ಬರುವುದಿಲ್ಲ. ಎರಡು ವಾರದ ಮೇಲೆ ಚರ್ಮವೂ ಸೊರಗುತ್ತದೆ. ವಿಷ ಇದೆಯಾ, ಪದರ ತೆವಳುತ್ತದಾ ಎಂಬೆರಡು ಪ್ರಶ್ನೆಗೆ ಸಾಕು.

ಹಂದಿಯ ಚರ್ಮ ನಮ್ಮದರ ಹಾಗೇ ಕೆಳಗಿನ ಪದರಕ್ಕೆ ಬಿಗಿಯಾಗಿ ಅಂಟಿರುತ್ತದೆ. ಕೂದಲೂ ವಿರಳ. 2001ರಲ್ಲಿ ಸಲಿವನ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, ಹಂದಿಯ ಫಲಿತಾಂಶ ಮನುಷ್ಯರದ್ದರ ಜೊತೆ ಶೇ. 78ರಷ್ಟು ಹೊಂದಿತ್ತು. ಸಣ್ಣ ಪ್ರಾಣಿಗಳದ್ದು 53, ತಟ್ಟೆಯ ಪರೀಕ್ಷೆಗಳದ್ದು 57. ಇಲಿಗಿಂತ ತಟ್ಟೆಯೇ ಒಂದು ಕೈ ಮೇಲು!

ಹಂದಿಗೆ ನಮ್ಮ ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಾಲದು, ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡುವ ಕೇಂದ್ರ ಸರ್ಕಾರದ ಸಮಿತಿ ಸಿಸಿಎಸ್‌ಇಎ ಒಪ್ಪಿಗೆಯೂ ಬೇಕು. ಹಂದಿ ಬ್ಯಾಂಡೇಜನ್ನು ಗೋಡೆಗೆ ಉಜ್ಜಿ ಕಿತ್ತುಹಾಕುತ್ತದೆ, ಅದಕ್ಕೆ ಜಾಕೆಟ್ ಹೊಲಿಸಿದೆವು. ದುಡ್ಡು ಉಳಿಸಲು ಸಾಕು ಹಂದಿ ತಂದಿದ್ದು ನಮ್ಮದೇ ತಪ್ಪು. ಕೆಲವೇ ವಾರಗಳಲ್ಲಿ ಅದು ಬೆಳೆಯಿತು, ಮೈ ಜೊತೆ ಗಾಯದ ಗುರುತೂ ಹಿಗ್ಗಿತು, ಅಳತೆಯೆಲ್ಲ ಗೋವಿಂದ. ಸಣ್ಣ ತಳಿಯ ಮಿನಿಪಿಗ್ ಬೇಕಿತ್ತು. ಆದರೂ ಎಷ್ಟೋ ಗಾಯಗಳನ್ನು ಒಂದೇ ಮೈಮೇಲೆ ಹೋಲಿಸಬಹುದು ಅನ್ನುವ ಲಾಭ ಬೇರೆಲ್ಲೂ ಸಿಗುವುದಿಲ್ಲ. ವರ್ಷಗಟ್ಟಲೆ ಸಕ್ಕರೆಯಿಂದ ನರ ಸತ್ತು, ಅದೇ ಪಾದದ ಮೇಲೆ ನಡೆದು ಆದ ಹುಣ್ಣು ಮಾತ್ರ ಹಂದಿಯಲ್ಲೂ ಬರುವುದಿಲ್ಲ.

ಈಗ ಎರಡನೇ ಜೆಲ್ ತಯಾರಾಗಿದೆ. ಮೊದಲು ತಟ್ಟೆ, ಆಮೇಲೆ ಉಂಗುರದ ಇಲಿ, ಎರಡರಲ್ಲೂ ಪಾಸಾದರೆ ಮಿನಿಪಿಗ್. ಉಂಗುರವಿಲ್ಲದ ಇಲಿಗೆ ನನ್ನ ಕಡೆಯಿಂದ ಕೈ ಮುಗಿದಾಯಿತು. ಉಂಗುರಕ್ಕೆ ಈ ಸಲ ಆರರ ಬದಲು ಎಂಟು ಹೊಲಿಗೆ.